ಹಳೆಯ ಕ್ಯಾಸೆಟ್ಟು, ಹಳೆಯ ಗಣಕಯಂತ್ರ: ದೃಶ್ಯಗಳನ್ನು ಉಳಿಸಿಕೊಳ್ಳುವ ಒಂದು ಪಾಠ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ಶಾಲೆಯ ಇತಿಹಾಸವನ್ನೋ ಗತಿಸಿದ ಗುರುಗಳ ಸ್ಮರಣೆಯನ್ನೋ ಬರೆಯೋಣವೆಂದು ಮೊದಲು ಯೋಚಿಸಿದೆ. ಆದರೆ ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಬಲ್ಲವರು ನಮ್ಮಲ್ಲಿ ಹಲವರಿದ್ದಾರೆ. ಇದೇ ಶಾಲೆಯಲ್ಲಿ ಕಲಿತು, ಇಲ್ಲಿಯೇ ಗಣಿತ ಮತ್ತು ವಿಜ್ಞಾನಗಳನ್ನು ಕಲಿಸಿ ನಿವೃತ್ತನಾದ ನನಗೆ ಪಾಠ ಹೇಳುವುದೊಂದೇ ಬಲ್ಲ ವಿದ್ಯೆ. ಆದ್ದರಿಂದ ಒಂದು ಪಾಠವನ್ನೇ ಬರೆಯುತ್ತಿದ್ದೇನೆ. ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ತಪ್ಪು ಮಾಡಿ ಕಲಿತವನು.

ಮಹೋತ್ಸವದ ಸಿದ್ಧತೆಯ ಮೊದಲ ಸಭೆ ಮುಗಿದ ಸಂಜೆ ಹಳೆಯ ವಿದ್ಯಾರ್ಥಿನಿಯೊಬ್ಬಳು ನನ್ನ ಬಳಿಗೆ ಬಂದಳು. ಅವಳ ಅಜ್ಜಿ ನಮ್ಮ ಶಾಲೆಯ ಅಡುಗೆಮನೆಯಲ್ಲಿ ಅನೇಕ ವರ್ಷ ಮಕ್ಕಳಿಗೆ ಮಧ್ಯಾಹ್ನದ ಗಂಜಿಯನ್ನೂ ಹೆಸರುಕಾಳನ್ನೂ ಬೇಯಿಸಿ ಬಡಿಸಿದವರು. ಅವರ ಕೈಯ ಗಂಜಿಯನ್ನು ಉಣ್ಣದವರು ಆ ಕಾಲದ ವಿದ್ಯಾರ್ಥಿಗಳಲ್ಲಿ ಯಾರೂ ಇರಲಾರರು.

“ಮೇಷ್ಟ್ರೇ, ಮತದಾರರ ಚೀಟಿಯ ಆ ಚಿಕ್ಕ ಫೋಟೋ ಒಂದನ್ನು ಬಿಟ್ಟರೆ ಅಜ್ಜಿಯದು ನಮ್ಮ ಮನೆಯಲ್ಲಿ ಬೇರೇನೂ ಇಲ್ಲ. ಅವರ ದನಿ ಹೇಗಿತ್ತು ಎಂದು ನನ್ನ ಮಗ ಕೇಳಿದರೆ ಹೇಳುವುದಕ್ಕೆ ಆಗುವುದಿಲ್ಲ. ಬೆಳ್ಳಿಹಬ್ಬದ ದಿನ ನೀವು ವಿಡಿಯೊ ತೆಗೆದಿದ್ದಿರಲ್ಲ, ಅದರಲ್ಲಿ ಎಲ್ಲಾದರೂ ಇದ್ದಾರೆಯೇ ನೋಡುತ್ತೀರಾ?” ಎಂದು ಕೇಳಿದಳು.

ನೋಡುತ್ತೇನೆ ಎಂದೆ. ಮನೆಗೆ ಬಂದು, ಬೆಳ್ಳಿಹಬ್ಬದ ಬಳಿಕ ನಾನೇ ತಯಾರಿಸಿ ಊರಿನ ಮನೆಗಳಿಗೆಲ್ಲ ಹಂಚಿದ್ದ ವಿಸಿಡಿಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆ. ಉದ್ಘಾಟನೆ ಇತ್ತು, ಸ್ವಾಗತ ಭಾಷಣ ಇತ್ತು, ಹಾರ ತುರಾಯಿಗಳು ಇದ್ದವು, ವಂದನಾರ್ಪಣೆಯೂ ಇತ್ತು. ಅಡುಗೆಯ ಅಜ್ಜಿ ಮಾತ್ರ ಎಲ್ಲಿಯೂ ಇರಲಿಲ್ಲ.

ತಪ್ಪು ಆದದ್ದು ಹೇಗೆ?

ಆಗ ನಮ್ಮ ಕಡೆಯಲ್ಲಿ ಅನೇಕ ಮನೆಗಳ ಮಕ್ಕಳು ಕೊಲ್ಲಿಯ ದೇಶಗಳಲ್ಲಿ ದುಡಿಯುತ್ತಿದ್ದರು. ರಜೆಯಲ್ಲಿ ಬಂದಿದ್ದ ಬಂಧುವೊಬ್ಬರು ದುಬೈಯಿಂದ ತಂದಿದ್ದ ಡಿಜಿಟಲ್ ಕ್ಯಾಮ್‌ಕಾರ್ಡರನ್ನು ಒಂದು ದಿನದ ಮಟ್ಟಿಗೆ ನನಗೆ ಕೊಟ್ಟರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಮಿನಿ ಡಿವಿ ಕ್ಯಾಸೆಟ್ಟುಗಳು ನಾಲ್ಕು ತುಂಬಿದವು. ಮೊದಲನೆಯದರಲ್ಲಿ ಮೆರವಣಿಗೆ ಮತ್ತು ಉದ್ಘಾಟನೆ, ಎರಡನೆಯದರಲ್ಲಿ ಭಾಷಣಗಳು, ಮೂರನೆಯದರಲ್ಲಿ ಮಕ್ಕಳ ಕಾರ್ಯಕ್ರಮ, ನಾಲ್ಕನೆಯದರಲ್ಲಿ ಊಟದ ಪಂಕ್ತಿ ಮತ್ತು ಅಡುಗೆಮನೆ.

ಕೆಲಕಾಲದ ಬಳಿಕ ಸಾಲ ಮಾಡಿ ಒಂದು ಪೆಂಟಿಯಂ 4 ಗಣಕಯಂತ್ರವನ್ನು ಕೊಂಡೆ. ಅದರ ಹಾರ್ಡ್‌ಡಿಸ್ಕಿನ ಸಾಮರ್ಥ್ಯ 40 ಜಿಬಿ. ಒಂದು ಗಂಟೆಯ ಡಿವಿ ಕ್ಯಾಸೆಟ್ಟಿಗೆ ಸುಮಾರು 13 ಜಿಬಿ ಜಾಗ ಬೇಕು. ನಾಲ್ಕಕ್ಕೆ 52 ಜಿಬಿ. ಲೆಕ್ಕದ ಮೇಷ್ಟ್ರಾದ ನಾನು ಲೆಕ್ಕ ಹಾಕಿ, ‘ಮುಖ್ಯವಾದ’ ಭಾಗಗಳನ್ನು ಮಾತ್ರ ಇಳಿಸಿಕೊಂಡೆ. ಯಾವುದು ಮುಖ್ಯವೆಂದು ತೀರ್ಮಾನಿಸಿದವನೂ ನಾನೇ. ವೇದಿಕೆ ಮುಖ್ಯವೆನಿಸಿತು, ಅಡುಗೆಮನೆ ಮುಖ್ಯವೆನಿಸಲಿಲ್ಲ. ವಿಸಿಡಿ ಸಿದ್ಧವಾದ ಮೇಲೆ ಜಾಗಕ್ಕಾಗಿ ಇಳಿಸಿಕೊಂಡದ್ದೆಲ್ಲವನ್ನೂ ಅಳಿಸಿದೆ. ಅಷ್ಟಕ್ಕೂ ನಿಲ್ಲದೆ, ಬಂಧುವಿನ ಮನೆಯ ಮದುವೆಗೆ ಹೊಸ ಕ್ಯಾಸೆಟ್ಟು ಸಿಗದಿದ್ದಾಗ ನಾಲ್ಕನೆಯ ಕ್ಯಾಸೆಟ್ಟಿನ ಮೇಲೆಯೇ ಮದುವೆಯನ್ನು ಮುದ್ರಿಸಿದೆ.

ಈಗ ಉಳಿದಿದ್ದವು ಮೂರು ಕ್ಯಾಸೆಟ್ಟುಗಳು. ಅಜ್ಜಿ ಅವುಗಳಲ್ಲಿ ಇದ್ದರೆ ಇದ್ದರು, ಇಲ್ಲದಿದ್ದರೆ ಇಲ್ಲ.

ಕ್ಯಾಸೆಟ್ಟಿನ ಒಳಗೆ ಏನಿದೆ?

ಡಿವಿ ಎಂಬ ಈ ಪದ್ಧತಿ ಮಾರುಕಟ್ಟೆಗೆ ಬಂದದ್ದು 1995ರಲ್ಲಿ. ಅದಕ್ಕೆ ಮುಂಚಿನ ವಿಎಚ್‌ಎಸ್ ಕ್ಯಾಸೆಟ್ಟುಗಳಲ್ಲಿ ದೃಶ್ಯವು ಏರಿಳಿಯುವ ವಿದ್ಯುತ್ ಅಲೆಯಾಗಿ ಮುದ್ರಿತವಾಗುತ್ತಿತ್ತು. ಡಿವಿಯಲ್ಲಿ ಅದು ಅಂಕಿಗಳಾಗಿ ಮುದ್ರಿತವಾಗುತ್ತದೆ. ಟೇಪಿನ ಅಗಲ 6.35 ಮಿಲಿಮೀಟರು. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು, ಅಂದರೆ 25 ಫ್ರೇಮುಗಳು. ಒಂದೊಂದು ಫ್ರೇಮೂ ಟೇಪಿನ ಮೇಲೆ 12 ಓರೆಗೆರೆಗಳಲ್ಲಿ ಹರಡಿಕೊಂಡಿರುತ್ತದೆ. ಒಂದು ಗೆರೆಯ ಅಗಲ 10 ಮೈಕ್ರಾನು, ಎಂದರೆ ಮಿಲಿಮೀಟರಿನ ನೂರನೆಯ ಒಂದು ಭಾಗ. ಇಷ್ಟು ಸೂಕ್ಷ್ಮವಾದ ಗೆರೆಯ ಮೇಲೆ ಒಂದು ಧೂಳಿನ ಕಣವೋ ಬೂಷ್ಟಿನ ಚುಕ್ಕೆಯೋ ಕುಳಿತರೆ ಏನಾದೀತೆಂಬುದನ್ನು ಓದುಗರು ಊಹಿಸಬಹುದು.

ಇಲ್ಲಿ ಒಂದು ವ್ಯತ್ಯಾಸವನ್ನು ಮನದಟ್ಟು ಮಾಡಿಕೊಳ್ಳಬೇಕು. ವಿಎಚ್‌ಎಸ್ ಕ್ಯಾಸೆಟ್ಟು ಹಳತಾದಂತೆ ಕ್ರಮೇಣ ಮಸುಕಾಗುತ್ತದೆ. ನಮಗೆ ಎಚ್ಚರಿಕೆ ಸಿಗುತ್ತದೆ. ಡಿವಿಯಲ್ಲಿ ಸಣ್ಣಪುಟ್ಟ ದೋಷಗಳನ್ನು ಯಂತ್ರವೇ ಸರಿಪಡಿಸಿಕೊಳ್ಳುವುದರಿಂದ ಒಂದು ಮಿತಿಯವರೆಗೆ ಚಿತ್ರ ಹೊಸದರಂತೆಯೇ ಕಾಣುತ್ತದೆ. ಮಿತಿ ದಾಟಿದೊಡನೆ ಚಿತ್ರ ಚೌಕಚೌಕವಾಗಿ ಒಡೆದು, ದನಿ ಕಡಿದುಹೋಗುತ್ತದೆ. ‘ಮೊನ್ನೆ ಹಾಕಿದಾಗ ಚೆನ್ನಾಗಿತ್ತು’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ವಿಸಿಡಿ ಇದೆಯಲ್ಲ, ಕ್ಯಾಸೆಟ್ಟು ಏಕೆ ಎನ್ನುವವರಿಗೂ ಒಂದು ಲೆಕ್ಕ. ಡಿವಿಯಲ್ಲಿ ದೃಶ್ಯಕ್ಕೆ ಸೆಕೆಂಡಿಗೆ 25 ಮೆಗಾಬಿಟ್. ವಿಸಿಡಿಯಲ್ಲಿ ಕೇವಲ 1.15 ಮೆಗಾಬಿಟ್. ಕ್ಯಾಸೆಟ್ಟಿನಲ್ಲಿ 720ಕ್ಕೆ 576 ಚುಕ್ಕೆಗಳಿದ್ದ ಚಿತ್ರ ವಿಸಿಡಿಯಲ್ಲಿ 352ಕ್ಕೆ 288 ಆಗುತ್ತದೆ. ಆದ್ದರಿಂದ ವಿಸಿಡಿಯು ಮೂಲದ ನೆರಳು ಮಾತ್ರ.

ಹಳೆಯ ಗಣಕಯಂತ್ರವೇ ಏಕೆ ಬೇಕು?

ಕ್ಯಾಮ್‌ಕಾರ್ಡರಿನಿಂದ ಗಣಕಯಂತ್ರಕ್ಕೆ ಡಿವಿ ದೃಶ್ಯವನ್ನು ಸಾಗಿಸುವ ರಾಜಮಾರ್ಗ ಫೈರ್‌ವೈರ್. ಸೋನಿ ಕಂಪನಿಯವರು ಇದನ್ನೇ ಐ-ಲಿಂಕ್ ಎಂದು ಕರೆದರು. ಕ್ಯಾಮರಾದಲ್ಲಿ ಯುಎಸ್‌ಬಿ ಪೋರ್ಟ್ ಇದ್ದರೂ ಬಹುಪಾಲು ಮಾದರಿಗಳಲ್ಲಿ ಅದು ಸ್ಥಿರಚಿತ್ರಗಳಿಗೆ ಅಥವಾ ತೀರ ಕೆಳದರ್ಜೆಯ ದೃಶ್ಯಕ್ಕೆ ಮೀಸಲು. ಇಂದಿನ ಹೊಸ ಗಣಕಯಂತ್ರಗಳಲ್ಲಿ ಫೈರ್‌ವೈರ್ ಪೋರ್ಟ್ ಸಾಮಾನ್ಯವಾಗಿ ಇರುವುದಿಲ್ಲ. ಫೈರ್‌ವೈರನ್ನು ಬೆಳೆಸಿದ ಆಪಲ್ ಸಂಸ್ಥೆಯೇ 2025ರ ತನ್ನ ಮ್ಯಾಕ್ ವ್ಯವಸ್ಥೆಯಲ್ಲಿ ಅದನ್ನು ಕೈಬಿಟ್ಟಿತು. ಹೀಗಾಗಿ ಅಟ್ಟದ ಮೇಲಿನ ಹಳೆಯ ಯಂತ್ರವೇ ಈ ಕೆಲಸಕ್ಕೆ ಯೋಗ್ಯವಾದುದು.

‘ಅಷ್ಟು ನಿಧಾನವಾದ ಯಂತ್ರಕ್ಕೆ ಇದು ಸಾಧ್ಯವೇ?’ ಎಂದು ಕೇಳಬಹುದು. ಸಾಧ್ಯ. ಏಕೆಂದರೆ ಕ್ಯಾಮರಾ ದೃಶ್ಯವನ್ನು ಅಂದೇ ಅಂಕಿಗಳಾಗಿ ಮಾಡಿಟ್ಟಿದೆ. ಗಣಕಯಂತ್ರವು ಅದನ್ನು ಹಾಗೆಯೇ ಬರೆದುಕೊಳ್ಳಬೇಕಷ್ಟೆ. ಬೇಕಾದದ್ದು ವೇಗವಲ್ಲ, ಎಡೆಬಿಡದ ನಡಿಗೆ: ಸೆಕೆಂಡಿಗೆ 3.6 ಎಂಬಿಯಂತೆ ಒಂದು ಗಂಟೆ ನಿಲ್ಲದೆ ಬರೆಯುವ ಹಾರ್ಡ್‌ಡಿಸ್ಕು. ಕ್ಯಾಸೆಟ್ಟನ್ನು ಬೇಗ ಓಡಿಸಿ ಪ್ರತಿ ಮಾಡುವ ಉಪಾಯವಿಲ್ಲ. ಒಂದು ಗಂಟೆಯ ದೃಶ್ಯಕ್ಕೆ ಒಂದು ಗಂಟೆ ಕುಳಿತುಕೊಳ್ಳಲೇಬೇಕು.

ನನ್ನ ಪೆಂಟಿಯಂ ಯಂತ್ರ ಇನ್ನೂ ಮನೆಯಲ್ಲಿತ್ತು, ಇರಲಿಲ್ಲದಿದ್ದುದು ಕ್ಯಾಮರಾ. ಮೈಸೂರಿನ ಪರಿಚಿತರೊಬ್ಬರಲ್ಲಿ ಒಂದು ಇದೆಯೆಂದು ತಿಳಿದು ಮುಂಜಾನೆಯೇ ಹೊರಟೆ. ನಮ್ಮ ನೂಲ್ಪುಳದವರಿಗೆ ಹೇಳಬೇಕಾಗಿಲ್ಲ: 2009ರಿಂದ ಬಂಡೀಪುರದ ಕಾಡಿನ ಹಾದಿಯಲ್ಲಿ ರಾತ್ರಿ 9ರ ಮೇಲೆ ವಾಹನ ಬಿಡುವುದಿಲ್ಲ. ಕ್ಯಾಮರಾ, ಅದರ ಅಡಾಪ್ಟರು, ಕೇಬಲ್ಲು ಎಲ್ಲವನ್ನೂ ಹೊಂದಿಸಿಕೊಂಡು ಗೇಟು ಹಾಕುವುದಕ್ಕೆ ಮುಂಚೆ ಮೂಲೆಹೊಳೆ ದಾಟಿ ಮುತ್ತಂಗ ಸೇರಿದಾಗ ಒಂದು ಯಾತ್ರೆ ಮುಗಿದಂತಾಯಿತು.

ಪ್ರತಿ ಮಾಡುವ ಕ್ರಮ

ಇನ್ನು ಕೆಲಸದ ಕ್ರಮವನ್ನು ವಿದ್ಯಾರ್ಥಿಗಳಿಗೆ ಹೇಳುವಂತೆ ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದಾಗಿ, ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಸಣ್ಣ ಗುಂಡಿಯನ್ನು ‘ಸೇವ್’ ಎಂಬ ಕಡೆಗೆ ಸರಿಸಬೇಕು. ಆಮೇಲೆ ಕೈತಪ್ಪಿಯೂ ಅದರ ಮೇಲೆ ಮುದ್ರಣವಾಗದು. ನಾಲ್ಕನೆಯ ಕ್ಯಾಸೆಟ್ಟಿಗೆ ನಾನು ಇದನ್ನು ಮಾಡಿದ್ದರೆ ಈ ಲೇಖನದ ಅರ್ಧ ಭಾಗ ಬೇಕಾಗುತ್ತಿರಲಿಲ್ಲ.

ಎರಡನೆಯದಾಗಿ, ಕ್ಯಾಸೆಟ್ಟಿನ ಕಿಟಕಿಯಲ್ಲಿ ಟೇಪನ್ನು ಬೆಳಕಿಗೆ ಹಿಡಿದು ನೋಡಬೇಕು. ವಯನಾಡಿನ ಮಳೆಗಾಲದ ತೇವಕ್ಕೆ ಬಟ್ಟೆಬರೆಗಳಿಗೇ ಬೂಷ್ಟು ಹಿಡಿಯುತ್ತದೆ; ಟೇಪಿಗೆ ಹಿಡಿಯದಿರುವುದೆ? ಬಿಳಿಯ ಪೊರೆ ಕಂಡರೆ ಅದನ್ನು ಕ್ಯಾಮರಾಕ್ಕೆ ಹಾಕಲೇಬಾರದು. ಅದು ಕ್ಯಾಮರಾದ ಹೆಡ್ಡನ್ನು ಕೆಡಿಸಿ, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟುಗಳಿಗೂ ಅಂಟುತ್ತದೆ. ಅಂಥದನ್ನು ನುರಿತವರಿಗೆ ಒಪ್ಪಿಸಬೇಕು. ಈ ಕೆಲಸಕ್ಕೆ ಒಣಹವೆಯ ಕುಂಭ ಮಾಸವೇ ಒಳ್ಳೆಯದು. ಟೇಪು ಚೆನ್ನಾಗಿದ್ದರೆ ಒಮ್ಮೆ ಕೊನೆಯವರೆಗೆ ಓಡಿಸಿ, ಹಿಂದಕ್ಕೆ ಸುತ್ತಿ, ಬಿಗಿ ಸಮವಾಗುವಂತೆ ಮಾಡಬೇಕು.

ಮೂರನೆಯದಾಗಿ, ಕೇಬಲ್ಲು. ಕ್ಯಾಮರಾದ ಕಡೆ ನಾಲ್ಕು ಪಿನ್ನಿನ ಚಿಕ್ಕ ತುದಿ, ಗಣಕಯಂತ್ರದ ಕಡೆ ಸಾಮಾನ್ಯವಾಗಿ ಆರು ಪಿನ್ನಿನ ದೊಡ್ಡ ತುದಿ. ಆರು ಪಿನ್ನಿನ ತುದಿಯಲ್ಲಿ ವಿದ್ಯುತ್ತೂ ಹರಿಯುವುದರಿಂದ ತಿರುವುಮುರುವಾಗಿ ತುರುಕಿದರೆ ಯಂತ್ರಗಳು ಸುಟ್ಟುಹೋಗುವ ಅಪಾಯವಿದೆ. ಎರಡೂ ಯಂತ್ರಗಳನ್ನು ಆರಿಸಿ ಜೋಡಿಸುವುದೇ ಕ್ಷೇಮ.

ನಾಲ್ಕನೆಯದಾಗಿ, ಹಾರ್ಡ್‌ಡಿಸ್ಕು. ಹಳೆಯ ಡಿಸ್ಕುಗಳು ಅನೇಕ ವೇಳೆ ಫ್ಯಾಟ್ 32 ಎಂಬ ವಿಧಾನದಲ್ಲಿ ಸಿದ್ಧವಾಗಿರುತ್ತವೆ. ಅದರಲ್ಲಿ ಒಂದು ಫೈಲು 4 ಜಿಬಿಯನ್ನು ಮೀರಲಾರದು. ಎಂದರೆ ಸುಮಾರು 19 ನಿಮಿಷಕ್ಕೆ ನಿಂತುಬಿಡುತ್ತದೆ. ಎನ್‌ಟಿಎಫ್‌ಎಸ್ ವಿಧಾನದ ಡಿಸ್ಕಿಗೆ ಈ ತೊಡಕಿಲ್ಲ. ಡಿಸ್ಕು ಚಿಕ್ಕದಾಗಿದ್ದರೆ ಚಿಂತೆಯಿಲ್ಲ. ಒಂದು ಕ್ಯಾಸೆಟ್ಟನ್ನು ಇಳಿಸಿ, ಅದನ್ನು ಹೊರಗಿನ ಯುಎಸ್‌ಬಿ ಡಿಸ್ಕಿಗೆ ಸಾಗಿಸಿ, ಸರಿಯಾಗಿದೆಯೆಂದು ಖಚಿತಪಡಿಸಿಕೊಂಡು, ಆಮೇಲೆ ಮುಂದಿನದನ್ನು ತೆಗೆದುಕೊಂಡರಾಯಿತು. ಅಂದು ನನಗೆ ಹೊಳೆಯದ, ಕೈಗೂ ಎಟುಕದ ದಾರಿ ಇದು.

ಐದನೆಯದಾಗಿ, ತಂತ್ರಾಂಶ. ವಿಂಡೋಸ್ ಎಕ್ಸ್‌ಪಿಯಲ್ಲಿ ಮೂವಿ ಮೇಕರ್ ಇದೆ. ಆದರೆ ಅದು ಮುಂದಿಡುವ ಮೊದಲ ಆಯ್ಕೆ ದೃಶ್ಯವನ್ನು ಹಿಂಡಿ ಕಿರಿದು ಮಾಡುತ್ತದೆ; ಡಿವಿ-ಎವಿಐ ಎಂಬ ಆಯ್ಕೆಯನ್ನೇ ಒತ್ತಬೇಕು. ವಿನ್‌ಡಿವಿ ಎಂಬ ಪುಟ್ಟ ಉಚಿತ ತಂತ್ರಾಂಶ ಇನ್ನೂ ಸರಳ. ಲಿನಕ್ಸ್ ಬಳಸುವವರಿಗೆ ಡಿವಿಗ್ರ್ಯಾಬ್ ಇದೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ರಕ್ಷಣೆ 2014ರ ಏಪ್ರಿಲ್‌ನಲ್ಲಿಯೇ ನಿಂತಿರುವುದರಿಂದ ಆ ಯಂತ್ರವನ್ನು ಅಂತರಜಾಲಕ್ಕೆ ಜೋಡಿಸಬಾರದು. ವೈರಸ್ ತಡೆ, ಸ್ಕ್ರೀನ್ ಸೇವರ್ ಮೊದಲಾದ ಹಿನ್ನೆಲೆಯ ಕೆಲಸಗಳನ್ನೆಲ್ಲ ನಿಲ್ಲಿಸಬೇಕು. ಬರೆಯುವ ನಡುವೆ ಡಿಸ್ಕು ಬೇರೆ ಕೆಲಸಕ್ಕೆ ಹೋದರೆ ಆ ಕ್ಷಣದ ಫ್ರೇಮುಗಳು ಬಿಟ್ಟುಹೋಗುತ್ತವೆ. ವಿದ್ಯುತ್ ಕೈಕೊಡುವುದು ನಮ್ಮಲ್ಲಿ ಹೊಸದಲ್ಲ, ಯುಪಿಎಸ್ ಅವಶ್ಯ.

ಆರನೆಯದಾಗಿ, ಇದೇ ಮುಖ್ಯವಾದುದು: ಕ್ಯಾಸೆಟ್ಟನ್ನು ಮೊದಲಿನಿಂದ ಕೊನೆಯವರೆಗೆ ಇಡಿಯಾಗಿ ಇಳಿಸಬೇಕು. ಇದು ಬೇಕು, ಇದು ಬೇಡ ಎಂಬ ವಿಚಾರ ಇಲ್ಲಿ ಸಲ್ಲದು. ಮುಗಿದ ಮೇಲೆ ಲೆಕ್ಕವನ್ನು ತಾಳೆ ನೋಡಬೇಕು. ಪೂರ್ತಿ ಒಂದು ಗಂಟೆಗೆ 90,000 ಫ್ರೇಮುಗಳು. ಬಿಟ್ಟುಹೋದವು ಎಷ್ಟೆಂದು ತಂತ್ರಾಂಶವೇ ತೋರಿಸುತ್ತದೆ. ಸೊನ್ನೆ ಬರುವವರೆಗೆ ತೃಪ್ತಿಪಡಬಾರದು. ಚಿತ್ರ ಚೌಕಚೌಕವಾಗಿ ಒಡೆದಿದ್ದರೆ ಹೆಡ್ ಶುಚಿಗೊಳಿಸುವ ಕ್ಯಾಸೆಟ್ಟನ್ನು ಹತ್ತು ಸೆಕೆಂಡು ಮಾತ್ರ ಓಡಿಸಿ ಮತ್ತೊಮ್ಮೆ ಇಳಿಸಬೇಕು. ಮೊದಲ ಸಲ ಕೆಟ್ಟ ಜಾಗ ಎರಡನೆಯ ಸಲ ಚೆನ್ನಾಗಿ ಬರುವುದುಂಟು. ಎರಡರಲ್ಲಿನ ಒಳ್ಳೆಯ ತುಂಡುಗಳನ್ನು ಹೊಂದಿಸಿಕೊಳ್ಳಬಹುದು.

ಮೂರನೆಯ ಕ್ಯಾಸೆಟ್ಟು

ಮೊದಲ ಎರಡರಲ್ಲಿ ಅಜ್ಜಿ ಸಿಗಲಿಲ್ಲ. ಮೂರನೆಯದರಲ್ಲಿ ಮಕ್ಕಳ ಕೋಲಾಟ ಮುಗಿಯುತ್ತದೆ. ಬೆಂಚಿನ ಮೇಲೆ ನಿಂತಿದ್ದ ನಾನು ಕ್ಯಾಮರಾವನ್ನು ಆರಿಸಲು ಮರೆತು ಕೆಳಗಿಳಿದಿರಬೇಕು. ಚಿತ್ರ ಓಲಾಡಿ ಅಡುಗೆಮನೆಯ ಬಾಗಿಲ ಕಡೆಗೆ ತಿರುಗುತ್ತದೆ. ಅಲ್ಲಿ ಅವರು ನಿಂತಿದ್ದಾರೆ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ವೇದಿಕೆಯ ಮಕ್ಕಳನ್ನು ನೋಡುತ್ತಾರೆ, ಬಳಿಕ ಪಕ್ಕದಲ್ಲಿದ್ದ ಹುಡುಗರ ಕಡೆ ತಿರುಗಿ, “ಎಲ್ಲರೂ ಉಂಡಿರಾ? ಇನ್ನೂ ಇದೆ, ಬನ್ನಿ” ಎನ್ನುತ್ತಾರೆ. ಅಷ್ಟೇ. ಮೊದಲ ಸಲ ಇಳಿಸಿದಾಗ ಮುಖದ ಜಾಗದಲ್ಲಿ ಬರೀ ಚೌಕಗಳಿದ್ದವು. ಹೆಡ್ ಶುಚಿಗೊಳಿಸಿ ಎರಡನೆಯ ಸಲ ಇಳಿಸಿದಾಗ ಮುಖ ಸ್ಪಷ್ಟವಾಯಿತು.

ಒಟ್ಟು ಹನ್ನೊಂದು ಸೆಕೆಂಡು, 275 ಫ್ರೇಮು, 40 ಎಂಬಿಗೂ ಕಡಿಮೆ. ಅಂದು ನನ್ನಲ್ಲಿದ್ದ ಡಿಸ್ಕಿನ ಸಾವಿರದ ಒಂದು ಪಾಲು. ಅಷ್ಟು ಜಾಗವೂ ಅವರಿಗೆ ನನ್ನಲ್ಲಿ ಇರಲಿಲ್ಲ.

ಸಂಕಲನ

ಇಡೀ ಕ್ಯಾಸೆಟ್ಟು ಡಿಸ್ಕಿಗೆ ಬಂದು, ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಪ್ರತಿಯಾದ ಮೇಲೆಯೇ ಸಂಕಲನಕ್ಕೆ ಕೈಹಾಕಬೇಕು. ಆಗ ಎಷ್ಟು ಕತ್ತರಿಸಿದರೂ ಭಯವಿಲ್ಲ. ಸಂಕಲನವನ್ನು ಹತ್ತು ಸಲ ತಿದ್ದಬಹುದು.

ಹಳೆಯ ಯಂತ್ರದಲ್ಲಿ ಸಂಕಲನ ಮಾಡುವವರು ಮೊದಲು ಒಂದು ನೋಟುಬುಕ್ಕನ್ನು ಇಟ್ಟುಕೊಳ್ಳಬೇಕು. ಎಷ್ಟನೆಯ ನಿಮಿಷದಲ್ಲಿ ಏನಿದೆ, ಯಾರಿದ್ದಾರೆ ಎಂಬುದನ್ನು ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಮುಖಗಳನ್ನು ಗುರುತಿಸಬಲ್ಲ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಇನ್ನೂ ಒಳಿತು. ಬರೀ ಕತ್ತರಿಸಿ ಜೋಡಿಸುವ ಸಂಕಲನ ಹಳೆಯ ಯಂತ್ರಕ್ಕೆ ಹೊರೆಯಲ್ಲ. ಡಿವಿಯಲ್ಲಿ ಪ್ರತಿ ಫ್ರೇಮೂ ಸ್ವತಂತ್ರವಾಗಿರುವುದರಿಂದ ಎಲ್ಲಿ ಬೇಕಾದರೂ ಕತ್ತರಿಸಬಹುದು, ಗುಣ ಕೆಡುವುದಿಲ್ಲ. ಒಂದು ದೃಶ್ಯ ಇನ್ನೊಂದರಲ್ಲಿ ಕರಗುವಂಥ ಜೋಡಣೆ, ಅಕ್ಷರಗಳ ಶೀರ್ಷಿಕೆ ಮೊದಲಾದವು ಬಂದಲ್ಲಿ ಮಾತ್ರ ಯಂತ್ರ ಹೊಸದಾಗಿ ಲೆಕ್ಕ ಹಾಕುತ್ತದೆ, ಹೊತ್ತು ಹಿಡಿಯುತ್ತದೆ. ಅವುಗಳನ್ನು ಮಿತವಾಗಿ ಬಳಸಬೇಕು.

ಇನ್ನೆರಡು ಸೂಕ್ಷ್ಮಗಳು. ಡಿವಿಯ ಪ್ರತಿ ಫ್ರೇಮಿನಲ್ಲಿ ಸಮ ಸಾಲು ಮತ್ತು ಬೆಸ ಸಾಲುಗಳ ಎರಡು ಅರ್ಧಚಿತ್ರಗಳಿವೆ. ಅವುಗಳಲ್ಲಿ ಕೆಳಗಿನ ಸಾಲಿನದು ಮೊದಲು. ತಂತ್ರಾಂಶದಲ್ಲಿ ಈ ಕ್ರಮವನ್ನು ತಪ್ಪಾಗಿ ಹೇಳಿದರೆ ಕುಣಿಯುವ ಮಕ್ಕಳು ನಡುಗುವಂತೆ ಕಾಣುತ್ತಾರೆ. ಎರಡನೆಯದು, ಅಂದಿನ ಚಿತ್ರದ ಅಗಲ-ಎತ್ತರಗಳು 4ಕ್ಕೆ 3. ಇಂದಿನ ಅಗಲ ಪರದೆ ತುಂಬಲೆಂದು ಹಿಗ್ಗಿಸಿದರೆ ನಮ್ಮ ಗುರುಗಳೆಲ್ಲ ದಪ್ಪಗಾಗಿಬಿಡುತ್ತಾರೆ. ಎರಡು ಬದಿ ಕಪ್ಪಾಗಿ ಉಳಿದರೆ ಉಳಿಯಲಿ.

ಮೊಬೈಲಿನಲ್ಲಿ ನೋಡುವ ಪ್ರತಿಯನ್ನು ತಯಾರಿಸುವಾಗ ಹಳೆಯ ಯಂತ್ರ ರಾತ್ರಿಯಿಡೀ ಓಡಬೇಕಾದೀತು. ಆ ಹಂತವನ್ನು ಹೊಸ ಯಂತ್ರಕ್ಕೆ ವಹಿಸುವುದು ಜಾಣತನ. ಫೈಲು ಡಿಸ್ಕಿನಲ್ಲಿರುವುದರಿಂದ ಫೈರ್‌ವೈರಿನ ಹಂಗು ಈಗ ಇಲ್ಲ. ಕೆಡೆನ್‌ಲೈವ್ ಎಂಬ ಉಚಿತ ತಂತ್ರಾಂಶ ಇದಕ್ಕೆ ಸಾಕು. ಕೇರಳದ ಪ್ರೌಢಶಾಲೆಗಳಲ್ಲಿ 2018ರಿಂದ ಇರುವ ಲಿಟಲ್ ಕೈಟ್ಸ್ ಕೂಟದ ಮಕ್ಕಳಿಗೆ ಇಂಥ ಕೆಲಸ ಹೊಸದಲ್ಲ. ಮನೆಯಲ್ಲಿ ಅಂಥ ಮಕ್ಕಳಿದ್ದರೆ ಅವರ ನೆರವು ಪಡೆಯಿರಿ. ವಾಟ್ಸ್ಯಾಪಿನಲ್ಲಿ ಹರಿದಾಡುವ ಕಿರಿದಾದ ಪ್ರತಿಯನ್ನು ಮಾತ್ರ ಮೂಲವೆಂದು ಎಂದಿಗೂ ತಿಳಿಯಬೇಡಿ.

ಕೊನೆಯ ಮಾತು

ಕಳೆದುಕೊಳ್ಳುವುದರಲ್ಲಿ ನಾನೊಬ್ಬನೇ ಅಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಅದರ ಪ್ರತಿ ಇಂದು ಉಳಿದಿಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯವು, 2025ರೊಳಗೆ ಪ್ರತಿಯಾಗದ ಟೇಪುಗಳು ಬಹುಮಟ್ಟಿಗೆ ಕೈಬಿಟ್ಟುಹೋದಂತೆಯೇ ಎಂದು 2015ರಲ್ಲಿ ಎಚ್ಚರಿಸಿತ್ತು. ಯುನೆಸ್ಕೋ ಕೂಡ 2019ರಲ್ಲಿ ಇದೇ ಎಚ್ಚರಿಕೆಯ ಕಾರ್ಯವನ್ನು ಆರಂಭಿಸಿತು. ದೊಡ್ಡ ಸಂಸ್ಥೆಗಳ ಪಾಡೇ ಹೀಗಿರುವಾಗ ನಮ್ಮ ಮನೆಗಳ ಕಪಾಟಿನ ಕ್ಯಾಸೆಟ್ಟುಗಳನ್ನು ಯಾರು ಕಾಪಾಡಬೇಕು? ಮೂರು ರಾಜ್ಯಗಳು ಕೂಡುವ ಈ ನೂಲ್ಪುಳದಲ್ಲಿ ಮಲಯಾಳ, ತಮಿಳುಗಳ ನಡುವೆ ನಮ್ಮ ಹಿರಿಯರು ಆಡಿದ ಕನ್ನಡ, ಕನ್ನಡಕ್ಕೆ ಹತ್ತಿರವಾದ ಕಾಟ್ಟುನಾಯಕರ ಮಾತು, ಇವು ಪುಸ್ತಕಗಳಲ್ಲಿ ಹೆಚ್ಚಾಗಿ ಇಲ್ಲ. ಇದ್ದರೆ ಮದುವೆ, ಹಬ್ಬ, ಶಾಲೆಯ ವಾರ್ಷಿಕೋತ್ಸವಗಳ ಈ ಟೇಪುಗಳಲ್ಲಿ, ಯಾರೂ ಮುಖ್ಯವೆಂದು ತಿಳಿಯದ ಮೂಲೆಗಳಲ್ಲಿ ಇವೆ.

ಆ ವಿದ್ಯಾರ್ಥಿನಿ ಮಗನನ್ನು ಕರೆದುಕೊಂಡು ಬಂದು ಆ ಹನ್ನೊಂದು ಸೆಕೆಂಡುಗಳನ್ನು ನೋಡಿದಳು. ಮತ್ತೊಮ್ಮೆ ಹಾಕಿಸಿ ನೋಡಿದಳು. ನಾಲ್ಕನೆಯ ಕ್ಯಾಸೆಟ್ಟಿನ ವಿಷಯವನ್ನು ನಾನು ಮುಚ್ಚಿಡದೆ ಹೇಳಿ, ತಪ್ಪಾಯಿತಮ್ಮ ಎಂದೆ. “ಇಷ್ಟಾದರೂ ಸಿಕ್ಕಿತಲ್ಲ ಮೇಷ್ಟ್ರೇ” ಎಂದಳು. ಅವಳ ದೊಡ್ಡ ಮನಸ್ಸಿನಿಂದ ನನ್ನ ತಪ್ಪು ಚಿಕ್ಕದಾಗುವುದಿಲ್ಲ.

ಪ್ರಿಯ ಹಳೆಯ ವಿದ್ಯಾರ್ಥಿಗಳೇ, ನಿಮ್ಮ ಮನೆಯ ಟ್ರಂಕಿನಲ್ಲಿ ಇಂಥ ಕ್ಯಾಸೆಟ್ಟುಗಳಿದ್ದರೆ ಮುಂದಿನ ಮಳೆಗಾಲಕ್ಕೆ ಮೊದಲು ಹೊರತೆಗೆಯಿರಿ. ನನ್ನ ಯಂತ್ರ ಇನ್ನೂ ನಡೆಯುತ್ತಿದೆ, ಕ್ಯಾಮರಾವನ್ನು ಮೈಸೂರಿನ ಮಿತ್ರರು ಇನ್ನೂ ಕೆಲವು ತಿಂಗಳು ಇಟ್ಟುಕೊಳ್ಳಲು ಹೇಳಿದ್ದಾರೆ. ತಂದುಕೊಟ್ಟರೆ ಇಡಿಯಾಗಿ ಇಳಿಸಿಕೊಡುತ್ತೇನೆ. ಒಂದು ಫ್ರೇಮನ್ನೂ ಬಿಡುವುದಿಲ್ಲ. ನಮ್ಮ ಶಾಲೆ ಶತಮಾನೋತ್ಸವವನ್ನು ಕಾಣಲಿ, ಅಂದು ಇಂದಿನ ಮಹೋತ್ಸವವನ್ನು ನೋಡಲು ಬಯಸುವ ಮಕ್ಕಳಿಗೆ ಅಡುಗೆಮನೆಯೂ ಕಾಣುವಂತಾಗಲಿ ಎಂದು ಹಾರೈಸಿ ಈ ಪಾಠವನ್ನು ಮುಗಿಸುತ್ತೇನೆ.